ಅದು ಸುಮ್ನೆ ಊದಿಸೋ ಕೆಲಸ ಅಲ್ಲ

ಮಾನ್ಯ ಸಂಪಾದಕರೇ,

ನಾನು ಬನಹಟ್ಟಿಯವಳು. ಇಂಗ್ಲೆಂಡಿನ ಲ್ಯಾಂಕಷೈರ್ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಶ್ವಾಸಕೋಶದ ಪರೀಕ್ಷೆ ಮಾಡುವ ಟೆಕ್ನಾಲಜಿಸ್ಟ್. 2022ರ ಕೊನೆಗೆ ಸ್ಪಾನ್ಸರ್ ವೀಸಾದ ಮೇಲೆ ಹೋದೆ. ಈಗ ಮೂರು ವಾರದ ರಜೆಗೆ ಊರಿಗೆ ಬಂದಿದ್ದೇನೆ. ಬಂದ ಎರಡನೇ ದಿನ ಕಾಕಾನ ಮಗಳು ನಿಮ್ಮ ಪತ್ರಿಕೆಯಿಂದ ಕತ್ತರಿಸಿಟ್ಟಿದ್ದ ಒಂದು ತುಂಡು ತಂದು ಕೈಗಿಟ್ಟಳು. ಕಿರು ಜಾಹೀರಾತು. ನಾಲ್ಕೇ ಸಾಲು. ಯುಕೆ ಸ್ಪಾನ್ಸರ್ ವೀಸಾ ಗ್ಯಾರಂಟಿ. ಕೇರ್ ಹೋಂ, ಲ್ಯಾಬ್, ಲಂಗ್ ಟೆಸ್ಟ್ ಟೆಕ್ನಿಷಿಯನ್. ಕುಟುಂಬ ಸಮೇತ. ಅನುಭವ ಬೇಡ. ಕೆಳಗೊಂದು ಮೊಬೈಲ್ ನಂಬರ್. ಊರಿಲ್ಲ, ಕಚೇರಿಯ ಹೆಸರಿಲ್ಲ.

“ಅಕ್ಕಾ, ನಿನ್ನ ಕೆಲಸಾನೂ ಐತಿ ನೋಡ ಇದ್ರಾಗ” ಅಂದಳು.

ಅವಳು ಬಿ.ಎ. ಮಾಡಿದ್ದಾಳೆ. ಆಮೇಲೆ ಆರು ತಿಂಗಳು ಕಂಪ್ಯೂಟರ್ ಕಲಿತಿದ್ದಾಳೆ. ಜಾಣೆ. ಆ ನಂಬರಿಗೆ ಫೋನ್ ಮಾಡಿದ್ದಾಳೆ. ಆ ಕಡೆಯವನು ಹೇಳಿದನಂತೆ: “ಲಂಗ್ ಟೆಸ್ಟ್ ಅಂದ್ರ ಏನ್ ದೊಡ್ಡ ಕೆಲಸ ಅಲ್ಲವಾ ತಂಗಿ, ಸುಮ್ನ ಮಂದಿ ಕಡೆ ಊದಸೂದು. ಮೂರು ತಿಂಗಳ ಸರ್ಟಿಫಿಕೇಟ್ ನಾವ ಕೊಡಸ್ತೀವಿ.” ಒಟ್ಟು ಒಂಬತ್ತು ಲಕ್ಷ. ಕಾಕಾ ಆಗಲೇ 50 ಸಾವಿರ ಮುಂಗಡ ಕೊಟ್ಟಾಗಿತ್ತು. ಉಳಿದದ್ದಕ್ಕೆ ಕಬ್ಬಿನ ಹೊಲ ಅಡ ಇಡುವ ಮಾತು ನಡೆದಿತ್ತು. ಅಕ್ಕನಿಗೆ ಅಚ್ಚರಿ ಮಾಡೋಣ ಅಂತ ನನಗೆ ಯಾರೂ ಹೇಳಿರಲಿಲ್ಲ!

ಮೊದಲು ಈ ‘ಊದಸೂದು’ ಅನ್ನುವ ಮಾತಿಗೆ ಬರುತ್ತೇನೆ. ನಿಜ ಹೇಳಬೇಕೆಂದರೆ ದುಡ್ಡಿನ ವಿಷಯಕ್ಕಿಂತ ಅದೇ ನನಗೆ ಮೊದಲು ಚುಚ್ಚಿತು.

ಬೆಳಿಗ್ಗೆ ಹೋದ ಕೂಡಲೇ ನಾನು ಮಾಡುವ ಮೊದಲ ಕೆಲಸ ಉಸಿರು ಅಳೆಯುವ ಯಂತ್ರಕ್ಕೇ ಊದಿಸುವುದು. ಮೂರು ಲೀಟರ್ ಹಿಡಿಯುವ ಒಂದು ದೊಡ್ಡ ಸಿರಿಂಜ್ ಇರುತ್ತದೆ, ಸೈಕಲ್ ಪಂಪಿನ ಅಣ್ಣನ ಹಾಗೆ. ಅದರಿಂದ ನಿಧಾನಕ್ಕೆ ಒಮ್ಮೆ, ಸ್ವಲ್ಪ ಜೋರಾಗಿ ಒಮ್ಮೆ, ರಭಸದಿಂದ ಒಮ್ಮೆ ಗಾಳಿ ತಳ್ಳಬೇಕು. ಮೂರು ಸಲವೂ ಯಂತ್ರ ಮೂರು ಲೀಟರ್ ಅಂತಲೇ ತೋರಿಸಬೇಕು. ನೂರಕ್ಕೆ ಮೂರರಷ್ಟು ಹೆಚ್ಚು ಕಡಿಮೆ ನಡೆಯುತ್ತದೆ, ಅದಕ್ಕಿಂತ ಜಾಸ್ತಿ ತಪ್ಪಿದರೆ ಆ ಯಂತ್ರದ ಮೇಲೆ ಆವತ್ತು ಒಬ್ಬರನ್ನೂ ಕೂರಿಸುವ ಹಾಗಿಲ್ಲ. ವಿದೇಶಕ್ಕೆ ಹೋಗುವ ಮೊದಲು ನಾನು ಬೆಳಗಾವಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾಲ್ಕು ವರ್ಷ ಇದ್ದೆ. ಅಲ್ಲಿ ಯಂತ್ರ ಇತ್ತು, ಈ ಸಿರಿಂಜ್ ಇರಲಿಲ್ಲ. ಎರಡು ವರ್ಷ ಕೇಳಿದೆ. ‘ನಂಬರ್ ಬರ್ತಾವಲ್ಲ, ಮತ್ತೇನ್ ಬೇಕು’ ಅಂದರು. ತಿಂಗಳಿಗೆ 14 ಸಾವಿರ ಸಂಬಳ. ನಾನು ಯಾಕೆ ಹೋದೆ ಅಂತ ಕೇಳುವವರಿಗೆ ಸಂಬಳದ ಜೊತೆ ಆ ಸಿರಿಂಜಿನ ಕಥೆಯನ್ನೂ ಹೇಳುತ್ತೇನೆ.

ಆಮೇಲೆ ರೋಗಿಗಳು ಬರುತ್ತಾರೆ. ಬಂದವರನ್ನು ಊದಿಸುವ ಮೊದಲು ಕೇಳಬೇಕಾದ್ದು ಬಹಳ ಇದೆ. ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆಗಿದೆಯಾ? ಕಣ್ಣಿನ ಆಪರೇಷನ್? ಹೊಟ್ಟೆಯ ಆಪರೇಷನ್? ಕಫದಲ್ಲಿ ರಕ್ತ ಬಿದ್ದಿದೆಯಾ? ಬೆಳಿಗ್ಗೆ ಉಸಿರಿನ ಔಷಧಿಯ ಪಂಪ್ (ಇನ್‌ಹೇಲರ್) ಎಳೆದುಕೊಂಡಿರಾ? ಜೋರಾಗಿ ಊದುವಾಗ ಎದೆಯಲ್ಲಿ, ಹೊಟ್ಟೆಯಲ್ಲಿ, ಕಣ್ಣಲ್ಲಿ ಎಲ್ಲ ಕಡೆ ಒತ್ತಡ ಏರುತ್ತದೆ. ಕೇಳದೇ ಊದಿಸಿದರೆ ಅನಾಹುತ ಆಗಬಹುದು. ಎತ್ತರವನ್ನೂ ನಾವೇ ಅಳೆಯಬೇಕು, ಅವರು ಹೇಳಿದ್ದನ್ನು ಬರೆದುಕೊಳ್ಳುವ ಹಾಗಿಲ್ಲ. ಬೆನ್ನು ಬಾಗಿದ ಮುದುಕರಿದ್ದರೆ ಎರಡೂ ಕೈ ಚಾಚಿಸಿ, ಬೆರಳ ತುದಿಯಿಂದ ಬೆರಳ ತುದಿಗೆ ಅಳತೆ ಹಿಡಿದು ಅದರಿಂದ ಎತ್ತರ ಲೆಕ್ಕ ಹಾಕುತ್ತೇವೆ. ಯಾಕೆಂದರೆ ಒಬ್ಬ ಮನುಷ್ಯನ ಎದೆಯಲ್ಲಿ ಎಷ್ಟು ಗಾಳಿ ಇರಬೇಕು ಅನ್ನುವುದನ್ನು ಯಂತ್ರ ವಯಸ್ಸು, ಎತ್ತರ, ಗಂಡೋ ಹೆಣ್ಣೋ ಅನ್ನುವುದರ ಮೇಲೆ ಲೆಕ್ಕ ಹಾಕುತ್ತದೆ. ಎತ್ತರ ತಪ್ಪಿದರೆ ಇಲ್ಲದ ರೋಗ ಹುಟ್ಟುತ್ತದೆ, ಇದ್ದ ರೋಗ ಮಾಯವಾಗುತ್ತದೆ.

ಇಷ್ಟಾದ ಮೇಲೆ ಊದುವುದು. ಮೂಗಿಗೆ ಕ್ಲಿಪ್. ತುಂಬಾ ಉಸಿರು ಎಳೆದುಕೊಂಡು ಒಮ್ಮೆಲೇ ಸಿಡಿದ ಹಾಗೆ ಊದಬೇಕು, ಎದೆ ಪೂರ್ತಿ ಖಾಲಿ ಆಗುವವರೆಗೂ ಬಿಡಬಾರದು. ಕನಿಷ್ಠ ಮೂರು ಸಲ ಸರಿಯಾಗಿ ಬರಬೇಕು. ಅದರಲ್ಲಿ ಒಳ್ಳೆಯ ಎರಡಕ್ಕೆ 150 ಮಿಲಿಲೀಟರಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಬರದಿದ್ದರೆ ಮತ್ತೆ ಮತ್ತೆ, ಸಾಮಾನ್ಯವಾಗಿ ಎಂಟು ಸಲದವರೆಗೆ. ಅಷ್ಟೂ ಹೊತ್ತು ಪಕ್ಕದಲ್ಲಿ ನಿಂತು ಬ್ಲೋ, ಬ್ಲೋ, ಕೀಪ್ ಗೋಯಿಂಗ್ ಅಂತ ಕಿರುಚಬೇಕು. ಸಂಜೆಗೆ ನನ್ನ ಗಂಟಲು ಜಾತ್ರೆಯಲ್ಲಿ ಬಳೆ ಮಾರಿದವಳ ಗಂಟಲಿನ ಹಾಗೆ ಆಗಿರುತ್ತದೆ. ಆಮೇಲೆ ಔಷಧಿ ಕೊಟ್ಟು ಕಾಲು ತಾಸು ಕಾಯಿಸಿ ಮತ್ತೆ ಊದಿಸುವುದು ಬೇರೆ. ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿ ಅಳೆಯುವುದು ಬೇರೆ. ತೀರಾ ಸ್ವಲ್ಪ, ಅಂದರೆ ನೂರಕ್ಕೆ 0.3ರಷ್ಟು ಕಾರ್ಬನ್ ಮೊನಾಕ್ಸೈಡ್ ಬೆರೆಸಿದ ಗಾಳಿಯನ್ನು ಹತ್ತು ಸೆಕೆಂಡ್ ಎದೆಯಲ್ಲಿ ಹಿಡಿಸಿ, ಅದು ರಕ್ತಕ್ಕೆ ಎಷ್ಟು ಸೇರುತ್ತದೆ ಅಂತ ನೋಡುವುದು ಇನ್ನೂ ಬೇರೆ. ನಾನು ಡಿಗ್ರಿ ಓದಿ, ಇಲ್ಲಿ ನಾಲ್ಕು ವರ್ಷ ಮಾಡಿ ಹೋದವಳು. ಆದರೂ ಅಲ್ಲಿ ಎಷ್ಟೋ ತಿಂಗಳು ಹಿರಿಯರೊಬ್ಬರು ಹಿಂದೆ ನಿಂತು ನೋಡುತ್ತಿದ್ದರು.

ಇದನ್ನೆಲ್ಲ ಬಾಯಲ್ಲಿ ಹೇಳಿದರೆ ತಂಗಿಗೆ ಹೊಟ್ಟೆಕಿಚ್ಚಿನ ಹಾಗೆ ಕೇಳಿಸುತ್ತಿತ್ತು. ಅವಳ ಮುಖದಲ್ಲೇ ಗೊತ್ತಾಗುತ್ತಿತ್ತು. ನನ್ನ ಬ್ಯಾಗಿನಲ್ಲಿ ಒಂದು ಪೀಕ್ ಫ್ಲೋ ಮೀಟರ್ ಇತ್ತು. ಪ್ಲಾಸ್ಟಿಕ್ ಕೊಳವೆ, ಮೇಲೊಂದು ಸರಿಯುವ ಮುಳ್ಳು, ಅಷ್ಟೆ. ಊದಿದ ಗಾಳಿಯ ವೇಗವನ್ನು ನಿಮಿಷಕ್ಕೆ ಇಷ್ಟು ಲೀಟರ್ ಅಂತ ತೋರಿಸುತ್ತದೆ. ಅದನ್ನು ಅವಳ ಕೈಗೆ ಕೊಟ್ಟು, ನಿಮ್ಮಪ್ಪನ ಕಡೆ ಊದಿಸು ಅಂದೆ. ಕಾಕಾಗೆ 56. ಮೂವತ್ತು ವರ್ಷದ ಮೇಲೆ ಪವರ್‌ಲೂಮ್ ಮುಂದೆ ನಿಂತವರು. ಪಡಸಾಲಿಯ ಕಟ್ಟೆಯ ಮೇಲೆ ಕೂತೇ ಇದ್ದರು.

“ಅಪ್ಪಾ, ಊದು” ಅಂದಳು. ಕಾಕಾ ಒಲೆ ಊದಿದ ಹಾಗೆ ಊದಿದರು. 150. ಇನ್ನೊಮ್ಮೆ, 160. “ಬಂತಲ್ಲ” ಅಂತ ನನ್ನ ಕಡೆ ನೋಡಿದಳು.

ನಾನು ಎದ್ದು ಹೋಗಿ ಕಾಕಾನ್ನ ನಿಲ್ಲಿಸಿದೆ. ಎಲೆ ಅಡಿಕೆ ಉಗುಳಿಸಿದೆ. ತುಟಿ ಕೊಳವೆಯ ಸುತ್ತ ಬಿಗಿ ಹಿಡಿಯುವುದು ತೋರಿಸಿದೆ. “ಎಳಕೋರಿ ಕಾಕಾ, ಇನ್ನೂ, ಇನ್ನೂ, ಹೊಟ್ಟಿ ಮಟ ಎಳಕೋರಿ, ಹಾಂ, ಈಗ ಹೊಡೀರಿ!” ಅಂತ ಕೂಗಿದೆ. ಮುಳ್ಳು ಹಾರಿ 240ಕ್ಕೆ ಹೋಯಿತು. ಮೂರನೇ ಸಲಕ್ಕೆ 260. ಅದೇ ಮನುಷ್ಯ, ಅದೇ ಕೊಳವೆ, ಹತ್ತು ನಿಮಿಷದ ಅಂತರ. ತಂಗಿ ಸುಮ್ಮನಾದಳು.

ಸುಮ್ಮನಾಗಿದ್ದು ನಾನೂ ಹೌದು. ಅವರ ವಯಸ್ಸಿಗೆ, ಎತ್ತರಕ್ಕೆ ಅದು 400 ದಾಟಬೇಕಿತ್ತು. ಆ ಕೊಳವೆಯೊಂದನ್ನೇ ನೋಡಿ ರೋಗದ ಹೆಸರು ಹೇಳೋಕೆ ಬರುವುದಿಲ್ಲ. ಆದರೆ ಮೂರನೇ ಸಲ ಊದಿದ ಮೇಲೆ ಕಾಕಾ ಕಂಬ ಹಿಡಿದು ಐದು ನಿಮಿಷ ಕೆಮ್ಮಿದರು. ರಜೆ ಮುಗಿಸಿ ಮಗ್ಗಕ್ಕೆ ಹೋದ ದಿನ ಎದೆ ಬಿಗಿಯುತ್ತದೆ ಅಂತ ಆಗ ಬಾಯಿ ಬಿಟ್ಟರು. ನಾನು ಕೆಲಸ ಮಾಡುವ ಕಡೆ ಒಂದು ಕಾಲಕ್ಕೆ ಬರೀ ಹತ್ತಿ ಗಿರಣಿಗಳೇ. ಎಂಬತ್ತು ದಾಟಿದ ಅಜ್ಜಿಯರು ಬಂದು, ವಯಸ್ಸಲ್ಲಿ ಗಿರಣಿಗೆ ಹೋಗುತ್ತಿದ್ದಾಗ ಸೋಮವಾರ ಬಂದರೆ ಉಸಿರು ಕಟ್ಟುತ್ತಿತ್ತು ಅಂತ ಇದೇ ಮಾತು ಹೇಳುತ್ತಾರೆ. ಹತ್ತಿ ಧೂಳಿನ ಆ ಕಾಯಿಲೆಗೆ ಬಿಸಿನೋಸಿಸ್ ಅಂತ ಹೆಸರು. ಹತ್ತಿ ಬಿಡಿಸುವ, ನೂಲು ತೆಗೆಯುವ ಕಡೆ ಅದು ಜಾಸ್ತಿ, ನೇಯುವ ಕಡೆ ಕಡಿಮೆ. ಕಾಕಾಗೆ ಅದೇ ಇದೆ ಅಂತ ನಾನು ಹೇಳುತ್ತಿಲ್ಲ, ಬೀಡಿಯೂ ಇದೆ. ಆದರೆ ಆ ಅಜ್ಜಿಯರ ಎದೆಯ ಲೆಕ್ಕ ಹತ್ತು ಸಲ ಬರೆದ ನಾನು, ನಮ್ಮ ಕಟ್ಟೆಯ ಮೇಲಿನ ಮನುಷ್ಯನನ್ನು ಊದಿಸಿದ್ದು ಇದೇ ಮೊದಲು. ಬಾಗಲಕೋಟೆಗೆ ಕರೆದುಕೊಂಡು ಹೋಗಿ ಸರಿಯಾದ ಪರೀಕ್ಷೆ ಮಾಡಿಸುವ ಜವಾಬ್ದಾರಿ ತಂಗಿ ಹೊತ್ತಿದ್ದಾಳೆ.

ಇನ್ನು ಸ್ಪಾನ್ಸರ್ ವಿಷಯ. ನಮ್ಮ ಕಡೆ ಸ್ಪಾನ್ಸರ್ ಅಂದರೆ ಯಾರೋ ಖರ್ಚು ಹಾಕಿ ಕರೆಸಿಕೊಳ್ಳುತ್ತಾರೆ ಅಂತ ತಿಳಿದಿದ್ದಾರೆ. ಅದು ಹಾಗಲ್ಲ. ಅಲ್ಲಿನ ಸರ್ಕಾರದಿಂದ ಲೈಸೆನ್ಸ್ ಪಡೆದ ಮಾಲೀಕರು ಮಾತ್ರ ಹೊರದೇಶದವರನ್ನು ಕೆಲಸಕ್ಕೆ ಕರೆಸಿಕೊಳ್ಳಬಹುದು. ಅವರು ನಮ್ಮ ಹೆಸರಲ್ಲಿ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ತೆಗೆಯುತ್ತಾರೆ. ಸರ್ಟಿಫಿಕೇಟ್ ಅಂದರೂ ಅದು ಫ್ರೇಮ್ ಹಾಕಿಸುವ ಕಾಗದ ಅಲ್ಲ, ಕಂಪ್ಯೂಟರಿನಲ್ಲಿರುವ ಒಂದು ದಾಖಲೆ, ಅದಕ್ಕೊಂದು ನಂಬರ್. ಯಾವ ಕೆಲಸ, ಎಷ್ಟು ಸಂಬಳ, ವಾರಕ್ಕೆ ಎಷ್ಟು ತಾಸು, ಎಲ್ಲ ಅದರಲ್ಲಿರುತ್ತದೆ. ಅದರ ಫೀ ಕಟ್ಟಬೇಕಾದವರು ಮಾಲೀಕರು, ನಮ್ಮಿಂದ ವಸೂಲಿ ಮಾಡುವ ಹಾಗೇ ಇಲ್ಲ. ಕೆಲಸ ಹುಡುಕಿಕೊಟ್ಟಿದ್ದಕ್ಕೆ ಅಂತ ಅಲ್ಲಿನ ಏಜೆನ್ಸಿಗಳೂ ಕೆಲಸಗಾರರಿಂದ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ನಮ್ಮ ದೇಶದಲ್ಲಿ ನೋಂದಣಿ ಆದ ಏಜೆಂಟ್ ತೆಗೆದುಕೊಳ್ಳಬಹುದಾದ ಹೆಚ್ಚೆಂದರೆ ಹೆಚ್ಚು 30 ಸಾವಿರ, ಮೇಲೆ ಜಿಎಸ್‌ಟಿ. ಒಂಬತ್ತು ಲಕ್ಷ ಎಲ್ಲಿಂದ ಬಂತು?

ನಾನು ನೇರವಾಗಿ ಆಸ್ಪತ್ರೆಗೇ ಅರ್ಜಿ ಹಾಕಿದ್ದೆ. ವಿಡಿಯೋದಲ್ಲಿ ಇಂಟರ್‌ವ್ಯೂ ಆಯಿತು. ಮೂರು ವರ್ಷದೊಳಗಿನ ಆರೋಗ್ಯ ಸಿಬ್ಬಂದಿ ವೀಸಾಕ್ಕೆ ಆಗ 247 ಪೌಂಡ್, ನಮ್ಮ 25 ಸಾವಿರದ ಒಳಗೇ. ಇಂಗ್ಲಿಷ್ ಪರೀಕ್ಷೆ, ಬೆಂಗಳೂರಿನಲ್ಲಿ ಕ್ಷಯದ ತಪಾಸಣೆ, ವಿಮಾನದ ಟಿಕೆಟ್ ಬೇರೆ. ಯಾರಿಗೂ ಲಕ್ಷ ಎಣಿಸಲಿಲ್ಲ.

ಮತ್ತೆ ಈ ಜಾಹೀರಾತಿನ ಸುಳ್ಳು ನೋಡಿ. ಹೊರದೇಶದಿಂದ ಹೊಸದಾಗಿ ಕೇರ್ ವರ್ಕರ್‌ಗಳನ್ನು, ಅಂದರೆ ಮುದುಕರ, ಕೈಲಾಗದವರ ಆರೈಕೆ ಮಾಡುವವರನ್ನು, ಕರೆಸಿಕೊಳ್ಳುವುದನ್ನು ಬ್ರಿಟನ್ 2025ರ ಜುಲೈ 22ಕ್ಕೇ ನಿಲ್ಲಿಸಿದೆ. ಅದಕ್ಕೂ ಮೊದಲೇ, 2024ರ ಮಾರ್ಚ್ 11ರಿಂದ, ಹೊಸದಾಗಿ ಹೋಗುವ ಕೇರ್ ವರ್ಕರ್‌ಗಳು ಗಂಡ ಹೆಂಡತಿ ಮಕ್ಕಳನ್ನು ಕರೆದೊಯ್ಯುವುದನ್ನು ಬಂದ್ ಮಾಡಿತ್ತು. ಕೇರ್ ಹೋಂ ಕೆಲಸ, ಅದೂ ಕುಟುಂಬ ಸಮೇತ ಅಂತ ಯಾವ ಧೈರ್ಯದ ಮೇಲೆ ಹಾಕಿದ್ದಾರೆ?

ನಿಜವಾದ ಸ್ಪಾನ್ಸರ್ ಸಿಕ್ಕರೂ ಅದೊಂದು ದನ ಕಟ್ಟುವ ದಾವಣಿ ಅನ್ನುವುದನ್ನು ತಂಗಿಗೆ ಮುಚ್ಚಿಡಲಿಲ್ಲ. ಆ ಕೆಲಸ ಹೋದರೆ ಸಾಮಾನ್ಯವಾಗಿ 60 ದಿನ, ಅಷ್ಟರಲ್ಲಿ ಇನ್ನೊಬ್ಬ ಸ್ಪಾನ್ಸರ್ ಸಿಗಬೇಕು, ಇಲ್ಲದಿದ್ದರೆ ಗಂಟುಮೂಟೆ. ಕಳೆದ ವರ್ಷ ಅವ್ವ ಬಚ್ಚಲಲ್ಲಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ನನ್ನ ಸಂಬಳದ ರಜೆ ಮುಗಿದಿತ್ತು. ಸಂಬಳವಿಲ್ಲದ ರಜೆ ವರ್ಷಕ್ಕೆ ಒಟ್ಟು ನಾಲ್ಕು ವಾರ ದಾಟಿದರೆ ಸ್ಪಾನ್ಸರ್ ಕೈಬಿಡಬೇಕಾಗುತ್ತದೆ. ಮ್ಯಾನೇಜರ್ ಒಳ್ಳೆಯವರು, ಕ್ಯಾಲೆಂಡರ್ ಮುಂದಿಟ್ಟುಕೊಂಡು ನನ್ನ ಜೊತೆ ದಿನ ಎಣಿಸಿದರು. ಅವ್ವ ವಾಕರ್ ಹಿಡಿದು ಮೊದಲ ಹೆಜ್ಜೆ ಇಟ್ಟಿದ್ದನ್ನು ನಾನು ವಿಡಿಯೋದಲ್ಲಿ ನೋಡಿದೆ. ಐದು ವರ್ಷಕ್ಕೆ ಕಾಯಂ ವಾಸದ ಅರ್ಜಿ ಹಾಕಬಹುದು ಅಂತ ಹೋದವರು ನಾವು. 2025ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ ಅದನ್ನು ಹತ್ತು ವರ್ಷ ಮಾಡುವ ಮಾತು ತೆಗೆಯಿತು. ಅವತ್ತಿನಿಂದ ನಮ್ಮ ಡಿಪಾರ್ಟ್‌ಮೆಂಟಿನ ಊಟದ ಕೋಣೆಯಲ್ಲಿ ಬೇರೆ ಮಾತೇ ಇಲ್ಲ. ಇಷ್ಟಾದರೂ ನಾನು ವಾಪಸ್ ಹೋಗುತ್ತಿದ್ದೇನೆ, ಅಲ್ವಾ? ಹೌದು. ಅಲ್ಲಿ ಸಿರಿಂಜ್ ಇದೆ.

ಸಂಪಾದಕರೇ, ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ. ವಿದೇಶದ ಕೆಲಸದ ಜಾಹೀರಾತು ಬಂದರೆ ಏಜೆಂಟರ ನೋಂದಣಿ ಸಂಖ್ಯೆ ಕೇಳಿ. ಇಲ್ಲದಿದ್ದರೆ ಅಚ್ಚು ಹಾಕಬೇಡಿ. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಬ್ರಿಟನ್ ಸರ್ಕಾರದ ಜಾಲತಾಣದಲ್ಲಿ ಲೈಸೆನ್ಸ್ ಇರುವ ಸ್ಪಾನ್ಸರ್‌ಗಳ ಪಟ್ಟಿ ಇದೆ. ಎರಡನ್ನೂ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ನಾಲ್ಕು ಸಾಲಿನ ಜಾಹೀರಾತಿಗೆ ನಿಮಗೆ ಬರುವ ದುಡ್ಡು ಎಷ್ಟೋ ನನಗೆ ಗೊತ್ತಿಲ್ಲ. ಆದರೆ ಕಾಕಾ ಆ ನಂಬರನ್ನು ನಂಬಿದ್ದು ಅದು ಪೇಪರಿನಲ್ಲಿ ಬಂದಿದೆ ಅನ್ನುವ ಒಂದೇ ಕಾರಣಕ್ಕೆ. ‘ಪೇಪರದಾಗ ಬಂದೈತಿ’ ಅನ್ನುವುದು ನಮ್ಮ ಓಣಿಯಲ್ಲಿ ಈಗಲೂ ದೊಡ್ಡ ಮಾತು.

ಕೊಟ್ಟ 50 ಸಾವಿರಕ್ಕೆ ರಸೀದಿ ಇಲ್ಲ. ಪೊಲೀಸರಿಗೆ ದೂರು ಕೊಡೋಣ ಅಂದರೆ ಕಾಕಾ ಒಪ್ಪುತ್ತಿಲ್ಲ, ಮಂದಿ ನಗ್ತಾರ ಅನ್ನುತ್ತಾರೆ. ಆ ನಂಬರ್ ಮೂರು ದಿನದಿಂದ ಸ್ವಿಚ್ ಆಫ್. ನಿನ್ನೆಯ ನಿಮ್ಮ ಪತ್ರಿಕೆಯಲ್ಲಿ ಅದೇ ನಾಲ್ಕು ಸಾಲು ಮತ್ತೆ ಬಂದಿವೆ. ನಂಬರ್ ಮಾತ್ರ ಬೇರೆ.

ಇತಿ,
ಬನಹಟ್ಟಿಯ ಒಬ್ಬ ಓದುಗಾರ್ತಿ
(ಮನೆಯವರ ಮರ್ಯಾದೆಗೋಸ್ಕರ ಹೆಸರು ಪ್ರಕಟಿಸಬೇಡಿ. ವಿಳಾಸ, ಫೋನ್ ನಂಬರನ್ನು ಬೇರೆ ಚೀಟಿಯಲ್ಲಿ ಬರೆದು ಲಗತ್ತಿಸಿದ್ದೇನೆ.)