ನೀಲಿ ಚೀಟಿಯನ್ನು ನಿಯಮದಲ್ಲಿ ಬರೆಯಿರಿ: ಸೆನೆಟರ್ ಗ್ರಾಸ್ಲಿ ಅವರಿಗೆ ಬಹಿರಂಗ ಪತ್ರ

ಅಮೆರಿಕ ಸೆನೆಟ್‌ನ ನ್ಯಾಯಾಂಗ ಸಮಿತಿಯ ಅಧ್ಯಕ್ಷರಾದ ಮಾನ್ಯ ಚಕ್ ಗ್ರಾಸ್ಲಿ ಅವರಿಗೆ,

ವಂದನೆಗಳು.

ಸುಪ್ರೀಂ ಕೋರ್ಟ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಫೆಡರಲ್ ನ್ಯಾಯಾಲಯವಾದ ಶಿಕಾಗೋದ ಏಳನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯದಲ್ಲಿ ವಿಸ್ಕಾನ್ಸಿನ್ ಪಾಲಿನ ಒಂದು ಸ್ಥಾನ 2010ರ ಜನವರಿಯಿಂದ 2018ರ ಮೇವರೆಗೆ ಖಾಲಿ ಬಿದ್ದಿತ್ತು. ಕೊಲಿಜಿಯಂ ಕಡತಗಳು ದೆಹಲಿಯಲ್ಲಿ ಕೊಳೆಯುವುದನ್ನು ಕಂಡ ನಮ್ಮ ಓದುಗರಿಗೂ ಎಂಟು ವರ್ಷ ದೊಡ್ಡ ಅವಧಿಯೇ.

ಮೊದಲು ಒಬಾಮ ಅವರು ಕಾನೂನು ಪ್ರಾಧ್ಯಾಪಕಿ ವಿಕ್ಟೋರಿಯಾ ನೋರ್ಸ್ ಅವರನ್ನು ನಾಮಕರಣ ಮಾಡಿದರು. 2011ರಲ್ಲಿ ವಿಸ್ಕಾನ್ಸಿನ್‌ನಿಂದ ಸೆನೆಟ್‌ಗೆ ಬಂದ ರಿಪಬ್ಲಿಕನ್ ರಾನ್ ಜಾನ್ಸನ್ ನೀಲಿ ಚೀಟಿ ಮರಳಿಸಲಿಲ್ಲ. ತವರು ರಾಜ್ಯದ ಸೆನೆಟರುಗಳ ಅಭಿಪ್ರಾಯ ಕೇಳಿ ಸಮಿತಿ ಕಳಿಸುವ ಹಾಳೆ ಅದು. ಚೀಟಿ ಬಾರದೆ ಸಮಿತಿ ಮುಂದುವರಿಯಲಿಲ್ಲ; ಅಲ್ಲಿಗೇ ನೋರ್ಸ್ ಅವರ ಹೆಸರು ನಿಂತಿತು. 2016ರಲ್ಲಿ ಡೊನಾಲ್ಡ್ ಶಾಟ್ ಅವರ ಹೆಸರು ಸಮಿತಿ ದಾಟಿತು, ಸದನದ ಮತಕ್ಕೆ ಬರಲೇ ಇಲ್ಲ. 2017ರ ಆಗಸ್ಟ್‌ನಲ್ಲಿ ಟ್ರಂಪ್ ಅವರ ಆಯ್ಕೆಯಾಗಿ ಮೈಕೆಲ್ ಬ್ರೆನನ್ ಬಂದರು. ಮಿಲ್ವಾಕೀಯಲ್ಲಿ ಪ್ರಾಸಿಕ್ಯೂಟರ್, ಕೌಂಟಿ ನ್ಯಾಯಾಧೀಶ, ವಕೀಲ ಮೂರೂ ಆಗಿದ್ದವರು. ಅವರ ಅನುಭವದ ಬಗ್ಗೆ ನಮ್ಮ ತಕರಾರಿಲ್ಲ. ಈ ಸಲ ಚೀಟಿ ಮರಳಿಸದವರು ವಿಸ್ಕಾನ್ಸಿನ್‌ನ ಇನ್ನೊಬ್ಬ ಸೆನೆಟರ್, ಡೆಮಾಕ್ರಟ್ ಟ್ಯಾಮಿ ಬಾಲ್ಡ್ವಿನ್. ಆದರೂ ಆಗಲೂ ಸಮಿತಿಯ ಅಧ್ಯಕ್ಷರಾಗಿದ್ದ ನೀವು ವಿಚಾರಣೆ ನಡೆಸಿದಿರಿ. 2018ರ ಮೇ 10ರಂದು 49-46 ಮತಗಳಿಂದ ನೇಮಕ ಖಾಯಂ ಆಯಿತು.

ಸ್ಥಾನ ಅದೇ, ರಾಜ್ಯ ಅದೇ, ಹಾಳೆಯೂ ಅದೇ. ಒಮ್ಮೆ ಅದು ಬೀಗ, ಇನ್ನೊಮ್ಮೆ ಬರೀ ಕಾಗದ.

1917ರಿಂದ ಇರುವ ಈ ಪದ್ಧತಿಯನ್ನು ಸಮಿತಿಯ ಕೆಲವೇ ಅಧ್ಯಕ್ಷರು ಪೂರ್ಣ ತಡೆಯಾಗಿ ಕಂಡಿದ್ದರೆಂಬ ನಿಮ್ಮ ವಾದದಲ್ಲಿ ತಿರುಳಿದೆ. ತೊಡಕು ಬೇರೆ ಕಡೆ ಇದೆ. ಸುಪ್ರೀಂ ಕೋರ್ಟ್ ಬಿಟ್ಟು ಉಳಿದ ನೇಮಕಗಳ ಚರ್ಚೆ ಮುಗಿಸಲು ಸೆನೆಟ್‌ನಲ್ಲಿ ಬೇಕಿದ್ದ 60 ಮತಗಳ ತಡೆ 2013ರ ನವೆಂಬರ್ 21ರಂದು ಹೋಯಿತು. ಈಗ ಚರ್ಚೆ ಮುಗಿಸಲು ಸರಳ ಬಹುಮತ ಸಾಕು. ಆಮೇಲೆ ಹೆಚ್ಚೆಂದರೆ 30 ಗಂಟೆ ಚರ್ಚೆ, ಮತ, ಆಜೀವ ಹುದ್ದೆ. ಸುಪ್ರೀಂ ಕೋರ್ಟ್ ವರ್ಷಕ್ಕೆ ವಾದ ಕೇಳಿ ತೀರ್ಮಾನಿಸುವುದು ಸುಮಾರು 60-70 ಪ್ರಕರಣ. ಉಳಿದ ಬಹುತೇಕರಿಗೆ ಸರ್ಕ್ಯೂಟ್ ಪೀಠದ ಮೂವರ ಮಾತೇ ಕೊನೆಯ ಮಾತು. ರಾಜ್ಯದ ದನಿಗೆ ಅಲ್ಲಿ ಉಳಿದಿದ್ದ ಜಾಗ ಈ ಚೀಟಿಯೊಂದೇ. ಜಿಲ್ಲಾ ನ್ಯಾಯಾಲಯಗಳಿಗೆ ಅದನ್ನು ಉಳಿಸಿಕೊಂಡಿದ್ದೀರಿ, ಒತ್ತಡ ಬಂದಾಗಲೂ ಬಿಟ್ಟುಕೊಡಲಿಲ್ಲ. ಅದಕ್ಕೆ ನಮ್ಮ ಗೌರವವಿದೆ.

ಸರ್ಕ್ಯೂಟ್‌ಗೂ ಚೀಟಿಯನ್ನು ಸಮಿತಿಯ ಲಿಖಿತ ನಿಯಮವಾಗಿಸಿ, ಸಮಿತಿ ಅಧ್ಯಕ್ಷರ ಇಷ್ಟಕ್ಕೆ ಬಿಡಬೇಡಿ. ಹಾಳೆ ಮರಳಿಸಲು 30 ದಿನ ಕೊಡಿ. ಸುಮ್ಮನಿದ್ದರೆ ಒಪ್ಪಿಗೆಯೆಂದೇ ಲೆಕ್ಕ. ಇಂದಿನ ದೊಡ್ಡ ದೋಷವೇ ಮೌನ: ಕಾರಣ ಹೇಳದೆ ಒಬ್ಬರನ್ನು ವರ್ಷಗಟ್ಟಲೆ ತೂಗುಹಾಕಬಹುದು. ಆಕ್ಷೇಪವಿದ್ದರೆ ಕಾರಣವನ್ನು ಬರೆದು ಪ್ರಕಟಿಸಲಿ. ನಾಮಕರಣಕ್ಕೆ ಮುನ್ನ ಇಬ್ಬರೂ ಸೆನೆಟರುಗಳನ್ನು ಯಾವ ದಿನ, ಯಾವ ಹೆಸರಿನ ಬಗ್ಗೆ ಕೇಳಿತ್ತೆಂದು ಶ್ವೇತಭವನವೂ ಬರೆದುಕೊಡಲಿ; ಕೇಳಿಯೇ ಇಲ್ಲವಾದರೆ ವಿಚಾರಣೆ ಬೇಡ. ಕೇಳಿದ್ದು ನಿಜವಾಗಿ, ಆಕ್ಷೇಪಕ್ಕೆ ಕಾರಣವೇ ಇಲ್ಲದಿದ್ದರೆ ವಿಚಾರಣೆ ನಡೆಯಲಿ.

ನಿಯಮ 2029ರ ಜನವರಿಯಿಂದ ಜಾರಿಯಾಗಲಿ. ಆಗ ಶ್ವೇತಭವನದಲ್ಲಿ ಯಾರಿರುತ್ತಾರೆಂದು ಇಂದು ಎರಡೂ ಪಕ್ಷಗಳಿಗೆ ಗೊತ್ತಿಲ್ಲ. ಹಾಗಾಗಿ ಇಬ್ಬರೂ ಒಪ್ಪಬಹುದಾದ ಕಾಲ ಇದೇ.

ಇಂತಿ,
ಅಮೆರಿಕದ ನ್ಯಾಯಾಂಗ ನೇಮಕಗಳನ್ನು ಗಮನಿಸುತ್ತಿರುವ ಕನ್ನಡಿಗ ವಕೀಲರು