ಶಿವಮೊಗ್ಗ ವಿಮಾನ ನಿಲ್ದಾಣದ ಸುತ್ತಲಿನ ಊರಿನವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ಸೋಗಾನೆ ದೇವಸ್ಥಾನದ ಜಗಲಿಯಲ್ಲಿ ಸೇರೋಣ. ನಮ್ಮೂರುಗಳಿಗೆ ಅನುದಾನ ಕೇಳುವ ಮನವಿಗೆ ಸಹಿ ಹಾಕಬೇಕು.

2023ರ ಫೆಬ್ರವರಿಯಲ್ಲಿ ನಿಲ್ದಾಣ ಉದ್ಘಾಟನೆಯಾಯಿತು. 3.2 ಕಿ.ಮೀ. ರನ್‌ವೇ ಪಕ್ಕದಲ್ಲೇ ಇರುವ ನಮಗೆ ಒಳ್ಳೆಯ ರಸ್ತೆ, ಚರಂಡಿ ಬೇಡವಾ? ಜೋರು ಮಳೆ ಬಂದರೆ ಕೆಳಗಿನ ಕೇರಿಯ ಚರಂಡಿ ಕಟ್ಟಿಕೊಂಡು ಕೆಸರು ನೀರು ಅಡಿಕೆ ಬುಡಕ್ಕೇ ನುಗ್ಗುತ್ತದೆ. ಆ ಫೋಟೋ ಇದ್ದವರು ಇಲ್ಲೇ ಹಾಕಿ, ಜಾಗದ ಹೆಸರೂ ಬರೆಯಿರಿ.

ಸುಮ್ನೆ ಬಾಯಲ್ಲಿ ಹೇಳಿದರೆ ಆಗಲ್ಲ. ಗ್ರಾಮಸಭೆಯಲ್ಲಿ ಮಂಡಿಸಿ ನಡಾವಳಿಯಲ್ಲಿ ಬರೆಸಲೇಬೇಕು. ಕೇಂದ್ರದಿಂದ ಪಂಚಾಯಿತಿಗೆ ಬರುತ್ತಿದ್ದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಿತ್ತು. ಹಾಗಾಗಿ ನೀರಿನ ಕೆಲಸವನ್ನು ಬೇರೆ ಪಟ್ಟಿ ಮಾಡೋಣ.

ತೋಟಕ್ಕೆ ನೀರು ನುಗ್ಗಿದವರು ಪಹಣಿ ಜೆರಾಕ್ಸ್ ತನ್ನಿ. ಹೆಣ್ಣುಮಕ್ಕಳೂ ಖಂಡಿತ ಬನ್ನಿ. ಬರುವವರು ಶನಿವಾರದೊಳಗೆ 'ಬರ್ತೇನೆ' ಅಂತ ಹಾಕಿ.