ಪುಟ್ಟಿಗೆ, ಆ ಸಹಿಯ ಬಗ್ಗೆ

ಹಾಸನ

ಚಿ. ಪುಟ್ಟಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಮನೆ ವಿಷಯ ಯಾವುದನ್ನೂ ಬರೆಯುವುದಿಲ್ಲ. ನಿಮ್ಮಪ್ಪ ಫೋನಲ್ಲಿ ಹೇಳಿರುತ್ತಾನೆ, ಅವನು ಬಿಟ್ಟಿದ್ದನ್ನು ನಿಮ್ಮಮ್ಮ ಹೇಳಿರುತ್ತಾಳೆ. ಆ ಸಂಬಂಧದ ವಿಷಯಕ್ಕೂ ನಾನು ತಲೆ ಹಾಕುವುದಿಲ್ಲ.

ತೋಟದ ಮಳೆ, ಮಣ್ಣಿನ ತೇವ ಅಳೆದು ರೇಡಿಯೋದಲ್ಲಿ ಕಳಿಸುವ ನಿಮ್ಮ ಕಂಪನಿಯ ಡಬ್ಬಿ ಯುರೋಪಿಗೆ ಹೊರಟಿದೆ, ಅದು ಅಲ್ಲಿನ ನಿಯಮಕ್ಕೆ ಸರಿಯಾಗಿದೆ ಅನ್ನುವ ಘೋಷಣೆಗೆ ನೀನು ಸಹಿ ಹಾಕಬೇಕು ಅಂತ ಬರೆದಿದ್ದೀಯ. ನಿನ್ನ ಪತ್ರದ ಕೊನೆಯಲ್ಲಿ ಒಂದು ಸಾಲು ಇದೆ. "ಟೆಸ್ಟ್ ಆಗಿದ್ದು ಹಳೇ ಬೋರ್ಡು, ಡಬ್ಬಿಯೊಳಗೆ ಹೋಗ್ತಿರೋದು ಹೊಸ ಬೋರ್ಡು, ಸಹಿ ಮಾತ್ರ ನನ್ನದು ಅತ್ತೆ." ಅಷ್ಟು ಬರೆದು, ಮುಂದಿನ ಸಾಲಿಗೇ ಹಾಸನದಲ್ಲಿ ಮಳೆ ಹೇಗಿದೆ ಅಂತ ಕೇಳಿದ್ದೀಯ. ಮಳೆ ಚೆನ್ನಾಗಿದೆ. ನನಗೆ ನಿದ್ದೆ ಚೆನ್ನಾಗಿಲ್ಲ.

ನೀನು ದೂರು ಹೇಳಿಲ್ಲ, ಸಲಹೆಯನ್ನೂ ಕೇಳಿಲ್ಲ. ಅದಕ್ಕೇ ಚಿಂತೆ ಜಾಸ್ತಿ. ಚಿಕ್ಕವಳಿದ್ದಾಗಲೂ ನೀನು ಹಾಗೇ. ಜ್ವರ ಏರಿದ ಮೇಲೆ ಹೊಟ್ಟೆನೋವಿನ ಸುದ್ದಿ ಹೇಳುತ್ತಿದ್ದೆ.

ಬೋರ್ಡಿನಲ್ಲಿ ಬದಲಾಗಿದ್ದು ಮೂರೇ ಅಂದಿದ್ದೀಯ. ವೋಲ್ಟೇಜ್ ಇಳಿಸಿ 3.3 ವೋಲ್ಟ್ ಕೊಡುವ ಬಕ್ ಕನ್ವರ್ಟರ್ ಚಿಪ್ಪು ಸಿಗಲಿಲ್ಲ ಅಂತ ಬೇರೆ ಕಂಪನಿಯದು ಹಾಕಿದ್ದು. ಸಕಲೇಶಪುರದ ತೋಟದಲ್ಲಿ ಸಿಲ್ವರ್ ಮರಗಳ ಮಧ್ಯೆ ಸಿಗ್ನಲ್ ಸಾಲದೆ ಆಂಟೆನಾ ಬದಲಿಸಿದ್ದು. ಆಮೇಲೆ ಬ್ಯಾಟರಿ. ನಿಮ್ಮ ಓನರ್ "ಪಿನ್ ಟು ಪಿನ್ ಅದೇ ಅಲ್ವಾ, ಇಷ್ಟಕ್ಕೆಲ್ಲಾ ಯಾರು ಮತ್ತೆ ಲ್ಯಾಬಿಗೆ ಹೋಗ್ತಾರೆ" ಅಂದರಂತೆ. ಅವರು ಕೆಟ್ಟವರು ಅಂತ ನನಗನ್ನಿಸುವುದಿಲ್ಲ. ಯುರೋಪಿನ ಮೊದಲ ಆರ್ಡರ್ ಅಂದರೆ ಯಾರಿಗಾದರೂ ಕೈಕಾಲು ಆಡುವುದಿಲ್ಲ. ಲ್ಯಾಬಿನ ಬಿಲ್ಲೂ ಸಣ್ಣದಲ್ಲ.

ಆದರೆ ಪಿನ್ನು ಒಂದೇ ಆದ ಮಾತ್ರಕ್ಕೆ ಹೊರಗೆ ಚೆಲ್ಲುವ ರೇಡಿಯೋ ಗದ್ದಲ ಒಂದೇ ಆಗುವುದಿಲ್ಲ ಕಣೆ. ಹಳೇ ಚಿಪ್ಪು 500 ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಆಗುತ್ತಿತ್ತು, ಹೊಸದು 2 ಮೆಗಾಹರ್ಟ್ಸ್ ಅಂತ ನೀನೇ ಬರೆದಿದ್ದೀಯ. ಸ್ವಿಚ್ ಆಗುವಾಗಿನ ಏರಿಳಿತ ಚುರುಕಾದಷ್ಟೂ ಹಾರ್ಮೋನಿಕ್ಸ್, ಅಂದರೆ ಆ ಆವರ್ತನದ ಎರಡರಷ್ಟು, ಮೂರರಷ್ಟು ಹೀಗೆ ಏಳುವ ಅಲೆಗಳು, ಮೇಲಕ್ಕೆ ಹತ್ತುತ್ತವೆ. 30 ಮೆಗಾಹರ್ಟ್ಸ್ ದಾಟಿದ ಮೇಲೆ ವೈರುಗಳೇ ಆಂಟೆನಾ ಆಗಿಬಿಡುತ್ತವೆ. ಮಣ್ಣಿನ ತೇವ ನೋಡುವ ಸೆನ್ಸರಿಗೆ ಅಷ್ಟುದ್ದ ವೈರು ಬಿಟ್ಟಿದ್ದೀರಲ್ಲ, ನನಗೆ ಮೊದಲು ನೆನಪಾಗಿದ್ದೇ ಅದು. ಹಳೇ ರಿಪೋರ್ಟಿನಲ್ಲಿ ಮಿತಿಗೂ ನಿಮ್ಮ ಅಳತೆಗೂ ಎಷ್ಟು ಅಂತರ ಇತ್ತು, ನೋಡಿದ್ದೀಯಾ? 10 ಡಿಬಿ (ಡೆಸಿಬೆಲ್, ಸಿಗ್ನಲ್ ಎಷ್ಟು ಪಟ್ಟು ಹೆಚ್ಚುಕಡಿಮೆ ಅಂತ ಹೇಳುವ ಅಳತೆ) ಇದ್ದರೆ ಸ್ವಲ್ಪ ಉಸಿರಾಡಬಹುದು. 2 ಡಿಬಿ ಇದ್ದರೆ ಈ ಚಿಪ್ಪು ಅದನ್ನು ನುಂಗಿ ಹಾಕಿರಬಹುದು. ನೀನು ಓದಿದವಳು, ಇದನ್ನೆಲ್ಲ ನಾನು ಹೇಳಬೇಕಾ ಅನ್ನಿಸುತ್ತದೆ. ಆದರೂ ಹೇಳದೆ ಇರುವುದಕ್ಕೆ ಆಗುತ್ತಿಲ್ಲ.

"ನಮ್ಮ ಪುಟ್ಟ ಡಬ್ಬಿಯಿಂದ ಯಾರಿಗೆ ಏನಾಗುತ್ತೆ" ಅನ್ನುವ ಮಾತೂ ಬಂದಿರಬೇಕು. ಎಲ್ಲಾ ಕಡೆ ಬರುತ್ತದೆ. ನಮ್ಮ ಅಡುಗೆಮನೆಯ ಎಲ್‌ಇಡಿ ಬಲ್ಬ್ ಹಾಕಿದರೆ ರೇಡಿಯೋದ ಮೀಡಿಯಂ ವೇವ್ ಗೊರಗೊರ ಅನ್ನುತ್ತದೆ, ಆರಿಸಿದರೆ ಹಾಡು ಬರುತ್ತದೆ. ಇದೇ ಊರಿನಲ್ಲಿ ಇಸ್ರೋದವರ ಎಂಸಿಎಫ್, ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ, 1982ರಿಂದ ಇದೆ. 36 ಸಾವಿರ ಕಿಲೋಮೀಟರ್ ದೂರದ ಉಪಗ್ರಹಗಳ ಸಣ್ಣ ದನಿಗೆ ಅಲ್ಲಿ ಕಿವಿ ಕೊಟ್ಟು ಕೂತಿದ್ದಾರೆ. ಒಂದೊಂದು ಡಬ್ಬಿಯೂ ಸುಮ್ನೆ ಸ್ವಲ್ಪ ಗಲಾಟೆ ಮಾಡಿದರೆ ಕೇಳಿಸಿಕೊಳ್ಳುವವರು ಏನು ಮಾಡಬೇಕು? ಆ ಬಲ್ಬಿನ ರಟ್ಟಿನ ಡಬ್ಬದ ಮೇಲೂ ಒಂದು ಮುದ್ರೆ ಇದೆ ನೋಡು. ಅದರ ಹಿಂದೆ ಎಲ್ಲೋ ಯಾರೋ ಒಬ್ಬರು ಸಹಿ ಹಾಕಿದ್ದಾರೆ. ಅವರಿಗೂ ನಿನ್ನ ಹಾಗೇ ಒಂದು ರಾತ್ರಿ ಬಂದಿತ್ತೋ ಏನೋ.

ಸಹಿ ವಿಷಯಕ್ಕೆ ಬರುತ್ತೇನೆ. ಯುರೋಪಿಗೆ ಕೊಡುವ ಆ ಘೋಷಣೆ ಪತ್ರದಲ್ಲಿ ಹೆಸರು, ಹುದ್ದೆ, ಸಹಿ ಮೂರೂ ಇರಬೇಕು. ಅದು ತಯಾರಕರ ಪರವಾಗಿ ಹಾಕುವ ಸಹಿ, ಹೊಣೆ ತಯಾರಕರದ್ದು. ಅಷ್ಟರ ಮಟ್ಟಿಗೆ ನೀನು ಒಬ್ಬಳೇ ಅಲ್ಲ. ಅದನ್ನು ಮೊದಲು ಮನಸ್ಸಿಗೆ ಹೇಳಿಕೋ. ಆದರೆ ಆ ಕಾಗದಪತ್ರವನ್ನೆಲ್ಲ ಮಾಲು ಮಾರುಕಟ್ಟೆಗೆ ಬಂದ ಮೇಲೆ 10 ವರ್ಷ ಇಟ್ಟುಕೊಳ್ಳಬೇಕು. 10 ವರ್ಷದಲ್ಲಿ ನೀನು ಎಲ್ಲಿರುತ್ತೀಯೋ, ನಿಮ್ಮ ಕಂಪನಿ ಎಲ್ಲಿರುತ್ತದೋ. ಫೈಲಿನಲ್ಲಿ ನಿನ್ನ ಹೆಸರು ಮಾತ್ರ ಅಲ್ಲೇ ಇರುತ್ತದೆ. ನೀನು ಹೆದರಿದ್ದು ಇದಕ್ಕೇ ಅಂತ ನನಗೆ ಗೊತ್ತು. ದಂಡಕ್ಕೆ ಹೆದರುವ ಹುಡುಗಿ ಅಲ್ಲ ನೀನು. ಸುಳ್ಳಿನ ಕೆಳಗೆ ಹೆಸರಿರುವುದಕ್ಕೆ ಹೆದರುತ್ತೀಯ. ಕಾಫಿಪುಡಿಗೆ ಅದೇ ಚೀಟಿ ಅಂಟಿಸಿ ಒಳಗೆ ಚಿಕೋರಿ ಜಾಸ್ತಿ ಮಾಡಿದ ಹಾಗಲ್ವಾ ಇದು, ಅಂತ ನಿನಗೆ ಅನ್ನಿಸಿರಬೇಕು.

ಆದರೆ ಪುಟ್ಟಿ, ಬದಲಾವಣೆ ಅನ್ನುವುದೇ ಸುಳ್ಳಲ್ಲ. ರೇಡಿಯೋ ಉಪಕರಣಗಳ ಮೇಲಿನ ಯುರೋಪಿನ 2014/53 ನಿರ್ದೇಶನವೇ ವಿನ್ಯಾಸ ಬದಲಾಗುತ್ತದೆ ಅಂತ ಒಪ್ಪಿಕೊಂಡಿದೆ. ಬದಲಾದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ ಅನ್ನುತ್ತದೆ, ಅಷ್ಟೇ. ಪ್ರತಿ ಸಲ ಮೊದಲಿನಿಂದ ಎಲ್ಲಾ ಟೆಸ್ಟು ಮಾಡಿಸಿ ಅನ್ನುವುದಿಲ್ಲ. ಅಮೆರಿಕದಲ್ಲಿ ರೇಡಿಯೋ ನಿಯಮ ನೋಡಿಕೊಳ್ಳುವ ಎಫ್‌ಸಿಸಿ, ಪ್ರಮಾಣಪತ್ರ ಕೊಟ್ಟ ಮೇಲಿನ ಬದಲಾವಣೆಗಳನ್ನು ಮೂರು ತರಗತಿ ಮಾಡಿ ಇಟ್ಟಿದೆ. ವರದಿಯ ಅಂಕಿ ಕೆಡದಿದ್ದರೆ ಒಂದನೆಯದು, ಅವರಿಗೆ ತಿಳಿಸಲೂ ಬೇಕಿಲ್ಲ. ಕೆಟ್ಟೂ ಮಿತಿಯೊಳಗೇ ಇದ್ದರೆ ಎರಡನೆಯದು, ಆಗ ವರದಿ ಕೊಡಬೇಕು. ಮೂರನೆಯದು ಸಾಫ್ಟ್‌ವೇರ್ ರೇಡಿಯೋದವರಿಗೆ. ಆದರೆ ಅಂಕಿ ಕೆಟ್ಟಿಲ್ಲ ಅಂತ ಹೇಳಬೇಕಾದರೆ ಯಾರಾದರೂ ಅಳೆದು ನೋಡಿರಬೇಕು ತಾನೇ? ನಿಮ್ಮ ಓನರ್ ಮಾತಿನಲ್ಲಿ ನನಗೆ ತಪ್ಪು ಕಂಡಿದ್ದು ಅಲ್ಲಿ. ಬದಲಿಸಿದ್ದು ತಪ್ಪಲ್ಲ, ಅಳೆಯದೆ "ಅದೇ" ಅಂದಿದ್ದು.

ಆಂಟೆನಾ ನನಗೆ ಚಿಪ್ಪಿಗಿಂತ ಜಾಸ್ತಿ ಭಯ ಹುಟ್ಟಿಸಿತು. ನಮ್ಮಲ್ಲಿ 865ರಿಂದ 868 ಮೆಗಾಹರ್ಟ್ಸ್ ನಡುವೆ 4 ವ್ಯಾಟ್‌ವರೆಗೆ ಕಳಿಸಲು ಅವಕಾಶ ಇದೆ. ಸಕಲೇಶಪುರದ ಇಳಿಜಾರಿನಲ್ಲಿ ಗೇನ್, ಅಂದರೆ ಸಿಗ್ನಲನ್ನು ಒಂದು ಕಡೆಗೆ ಒಟ್ಟುಗೂಡಿಸುವ ಬಲ, ಜಾಸ್ತಿ ಇರುವ ಆಂಟೆನಾ ಹಾಕಿ, ಸಿಗ್ನಲ್ ಬಂತು ಅಂತ ನೀವೆಲ್ಲ ಕುಣಿದಿರಿ. ಹೂಮಳೆ ಎಷ್ಟು ಇಂಚು, ಎಷ್ಟು ಸೆಂಟ್ಸ್ (ಇಂಚಿನ ನೂರನೇ ಭಾಗ) ಬಿತ್ತು ಅಂತ ಮನೆಯಲ್ಲೇ ಕೂತು ನೋಡಿದೆವು ಅಂತ ತೋಟದವರು ನನಗೂ ಹೇಳಿದರು. ಸಂತೋಷವೇ. ಆದರೆ ಯುರೋಪಿನ 868 ಮೆಗಾಹರ್ಟ್ಸ್‌ನಲ್ಲಿ ಮಿತಿ 25 ಮಿಲಿವ್ಯಾಟ್. ಗಂಟೆಯಲ್ಲಿ ಶೇಕಡಾ 1ರಷ್ಟು ಹೊತ್ತು ಮಾತ್ರ ಕಳಿಸಬಹುದು. 3 ಡಿಬಿ ಗೇನ್ ಜಾಸ್ತಿ ಅಂದರೆ ಹೊರಗೆ ಹೋಗುವ ಶಕ್ತಿ ಎರಡರಷ್ಟು. ಹಳೇ ಆಂಟೆನಾದಲ್ಲಿ ಮಿತಿಯ ಹತ್ತಿರವೇ ಇದ್ದರೆ ಹೊಸದರಲ್ಲಿ ದಾಟಿಬಿಟ್ಟಿರುತ್ತೀರಿ. ಫರ್ಮ್‌ವೇರಿನಲ್ಲಿ, ಅಂದರೆ ಡಬ್ಬಿಯೊಳಗಿನ ಪ್ರೋಗ್ರಾಮಿನಲ್ಲಿ, ಪವರ್ ಇಳಿಸಿದರೆ ಸರಿಹೋಗುತ್ತದೆ, ಆದರೆ ಅದೂ ಒಂದು ಬದಲಾವಣೆಯೇ, ಬರೆದಿಡು. ಇಲ್ಲಿಗೆ ಹೋಗುವ ಡಬ್ಬಿ, ಅಲ್ಲಿಗೆ ಹೋಗುವ ಡಬ್ಬಿ ಎರಡಕ್ಕೂ ಮಾಡೆಲ್ ನಂಬರು ಬೇರೆ ಮಾಡುವುದು ಒಳ್ಳೆಯದು ಅನ್ನಿಸುತ್ತದೆ. ಬ್ಯಾಟರಿಗೆ ಯುಎನ್ 38.3 ರಿಪೋರ್ಟು, ಸಾಗಣೆಗೆ ಅದು ಸುರಕ್ಷಿತ ಅನ್ನುವ ಟೆಸ್ಟಿನದು, ಹೊಸ ಸೆಲ್ಲಿನ ಹೆಸರಿನಲ್ಲೇ ಇದೆಯಾ ನೋಡು. ವಿಮಾನಕ್ಕೆ ಹಾಕುವಾಗ ಮೊದಲು ಕೇಳುವುದು ಅದನ್ನೇ.

ಇಷ್ಟು ಹೇಳಿ, ಹೋಗಿ ಎಲ್ಲಾ ನಿಲ್ಲಿಸು ಅಂತ ಬರೆಯಬೇಕು. ಪೆನ್ನು ಮುಂದೆ ಹೋಗುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ. ಇದನ್ನು ನಿಮ್ಮಪ್ಪನಿಗೂ ಹೇಳಿಲ್ಲ.

ನಾನು ಪೀಣ್ಯದಲ್ಲಿದ್ದಾಗ ಅಡಾಪ್ಟರುಗಳಿಗೂ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ ಆಯಿತು. 2012ರ ಆದೇಶದಲ್ಲಿ ಮೊದಲು 15 ಬಗೆಯ ವಸ್ತು ಮಾತ್ರ ಇತ್ತು, ಆಮೇಲೆ ಪಟ್ಟಿ ಬೆಳೆಯಿತು. ಟೆಸ್ಟ್ ರಿಪೋರ್ಟಿನ ಜೊತೆ ಒಂದು ಪಟ್ಟಿ ಇರುತ್ತದಲ್ಲ, ಸುರಕ್ಷತೆಗೆ ಬೇಕಾದ ಭಾಗಗಳು ಯಾವ ಕಂಪನಿಯವು, ಯಾವ ಮಾಡೆಲ್ ಅಂತ. ನನ್ನ ಕೆಲಸ ಬಂದ ಮಾಲನ್ನು ಆ ಪಟ್ಟಿಗೆ ಹೋಲಿಸುವುದು. ಟ್ರಾನ್ಸ್‌ಫಾರ್ಮರ್ ಕೊಡುತ್ತಿದ್ದವರು ಒಬ್ಬರು ಹೆಂಗಸು. ಮನೆ ಹಿಂದಿನ ಶೆಡ್ಡಿನಲ್ಲಿ ಒಂದಷ್ಟು ಹುಡುಗಿಯರನ್ನಿಟ್ಟುಕೊಂಡು ಸುತ್ತಿಸುತ್ತಿದ್ದರು. ಕೆಲಸ ಅಚ್ಚುಕಟ್ಟು. ಒಂದು ಲಾಟಿನಲ್ಲಿ ಸುರುಳಿಗಳ ನಡುವಿನ ಹಳದಿ ಟೇಪು ಬೇರೆ ಕಂಪನಿಯದು ಬಂತು. ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಷನ್ ತಡೆಯುತ್ತದಾ ಅಂತ ನೋಡುವ ಹೈಪಾಟ್ ಮೆಷಿನ್ನಿಗೆ ಹಾಕಿದೆ. 3000 ವೋಲ್ಟ್, ಒಂದು ನಿಮಿಷ, ಏನೂ ಆಗಲಿಲ್ಲ. ಆದರೆ ಪಟ್ಟಿಯಲ್ಲಿ ಆ ಹೆಸರಿಲ್ಲ. ಒಂದು ನಿಮಿಷ ತಡೆದ ಟೇಪು ಬಿಸಿಯಲ್ಲಿ ವರ್ಷಗಟ್ಟಲೆ ತಡೆಯುತ್ತದೆ ಅಂತ ನಾನು ಹೇಗೆ ಹೇಳಲಿ? ಲಾಟನ್ನು ತಡೆಹಿಡಿಯುವ ಕೆಂಪು ಚೀಟಿ ಕಟ್ಟಿದೆ.

ಮಾದರಿ ಲ್ಯಾಬಿಗೆ ಹೋಯಿತು. ರಿಪೋರ್ಟು ಬರುವಷ್ಟರಲ್ಲಿ ಪರ್ಚೇಸಿನವರು ಕಾಯಲಿಲ್ಲ, ಆರ್ಡರನ್ನು ಬೇರೆ ಕಡೆ ಕೊಟ್ಟಿದ್ದರು. ರಿಪೋರ್ಟು ಏನು ಬಂತು ಗೊತ್ತಾ? ಪಾಸು. ಟೇಪು ಚೆನ್ನಾಗಿಯೇ ಇತ್ತು. ಆ ಶೆಡ್ಡು ಮಾತ್ರ ಮತ್ತೆ ತೆರೆಯಲಿಲ್ಲ.

ನಾನು ಮಾಡಿದ್ದು ಸರಿಯೇ. ಇವತ್ತು ಆ ಲಾಟು ಬಂದರೂ ಕೆಂಪು ಚೀಟಿಯನ್ನೇ ಕಟ್ಟುತ್ತೇನೆ. ಆದರೂ ಆಕೆ ಕೊನೆಯ ಬಿಲ್ಲಿಗೆ ಬಂದಾಗ ಗೇಟಿನ ಹತ್ತಿರ ಸಿಕ್ಕಿ ಹೇಳಿದ್ದು ಹೋಗುವುದಿಲ್ಲ. "ಟೇಪು ಬದಲಾದರೆ ಮೊದಲೇ ಒಂದು ಚೀಟಿ ಬರೆದು ತಿಳಿಸಬೇಕು ಅಂತ ನನಗೆ ಯಾರೂ ಹೇಳಲೇ ಇಲ್ಲವಲ್ಲ ಮೇಡಂ" ಅಂದರು. ಬೈಯಲಿಲ್ಲ. ಬೈದಿದ್ದರೆ ಮರೆತುಹೋಗುತ್ತಿತ್ತು. ಅವರಿಗೆ ಹೇಳುವುದು ನನ್ನ ಕೆಲಸ ಆಗಿರಲಿಲ್ಲ. ಆ ಫ್ಯಾಕ್ಟರಿಯಲ್ಲಿ ಅದು ಯಾರ ಕೆಲಸವೂ ಆಗಿರಲಿಲ್ಲ. ಆಮೇಲೆ ನಾನು ಕೆಲಸ ಬಿಟ್ಟು ಯಾಕೆ ಬಂದೆ ಅನ್ನುವುದು ನಿನಗೆ ಗೊತ್ತೇ ಇದೆ. ಎಲ್ಲರೂ ಹೇಳುವ ಕಾರಣ ನಿಜ. ಇದೂ ಸ್ವಲ್ಪ ಇತ್ತು.

ಹಾಗಾಗಿ ನಿನಗೆ ಸಹಿ ಹಾಕಬೇಡ ಅಂತ ಬರೆಯಲು ಕೈ ಬರುತ್ತಿಲ್ಲ, ಹಾಕು ಅಂತ ಬರೆಯಲೂ ಬರುತ್ತಿಲ್ಲ. ಹಾಕದಿದ್ದರೆ ಆರ್ಡರ್ ಹೋಗಬಹುದು. ಅಸೆಂಬ್ಲಿಯಲ್ಲಿರುವ ಆ ಅರಸೀಕೆರೆ ಹುಡುಗಿಯರ ಮುಖ ನಿನಗೂ ಕಾಣುತ್ತದೆ. ಹಾಕಿದರೆ ನಿದ್ದೆ ಹೋಗುತ್ತದೆ. ಎರಡರ ನಡುವೆ ಏನಾದರೂ ಜಾಗ ಇದೆಯಾ ಅಂತ ಯೋಚಿಸುತ್ತಿದ್ದೆ.

ಹಳೇ ಬೋರ್ಡು ಒಂದಾದರೂ ಉಳಿದಿದೆಯಾ? ಟೆಸ್ಟಿಗೆ ಹೋಗಿ ಬಂದಿದ್ದೇ ಇದ್ದರೆ ಇನ್ನೂ ಒಳ್ಳೆಯದು. ಅದನ್ನು ಯಾರಿಗೂ ಕೊಡಬೇಡ, ರಿಪೇರಿಗೆ ಅಂತ ಅದರ ಭಾಗ ಕೀಳಲೂ ಬಿಡಬೇಡ. ಹಳೆಯದು ಹೊಸದು ಎರಡನ್ನೂ ಒಂದೇ ದಿನ, ಒಂದೇ ಮೇಜಿನ ಮೇಲೆ, ಅದೇ ವೈರು ಅದೇ ಬ್ಯಾಟರಿ ಹಾಕಿ ಯಾವ ಆವರ್ತನದಲ್ಲಿ ಎಷ್ಟು ಗದ್ದಲ ಅಂತ ತೋರಿಸುವ ಸ್ಪೆಕ್ಟ್ರಮ್ ಅನಲೈಸರಿನಲ್ಲಿ ನೋಡಿ. ಹೊರಗಿನ ಸಿಗ್ನಲ್ ಬಾರದ ಲ್ಯಾಬಿನ ಚೇಂಬರ್ ಬೇಡ, ಬೋರ್ಡಿನ ಹತ್ತಿರ ಹಿಡಿಯುವ ಪ್ರೋಬ್ ಸಾಕು. ಮಿತಿ ದಾಟಿತೋ ಇಲ್ಲವೋ ಅದರಿಂದ ಹೇಳಲಾಗದು. ಹಳೆಯದಕ್ಕಿಂತ ಹೊಸದು ಎಷ್ಟು ಜಾಸ್ತಿ ಕೂಗುತ್ತದೆ ಅಂತ ಗೊತ್ತಾಗುತ್ತದೆ. 6 ಡಿಬಿ ಏರಿದ್ದರೆ ಅಲೆಯ ಬಲ ಎರಡರಷ್ಟು, ಶಕ್ತಿ ನಾಲ್ಕರಷ್ಟಾಯಿತು ಅಂತ ಅರ್ಥ. ಆಗ "ಅದೇ ಬೋರ್ಡು" ಅನ್ನುವ ಮಾತು ನಿಮ್ಮ ಓನರ್ ಬಾಯಿಂದಲೇ ಹೋಗುತ್ತದೆ. ಏನೂ ಏರಿಲ್ಲದಿದ್ದರೆ ನಿನಗೂ ಧೈರ್ಯ. ಆ ಚಿತ್ರಗಳನ್ನು ದಿನಾಂಕ ಹಾಕಿ ಇಡು. ಹಿಂದಿನ ದಿನಾಂಕ ಹಾಕು ಅಂತ ಯಾರಾದರೂ ಅಂದರೆ ಮಾತ್ರ ಎದ್ದು ಬಾ. ಅಲ್ಲಿ ನನಗೆ ಎರಡು ಮನಸ್ಸಿಲ್ಲ.

ಏನು ಬದಲಾಯಿತು, ಯಾಕೆ, ಯಾವಾಗಿನಿಂದ, ಯಾವ ಸೀರಿಯಲ್ ನಂಬರಿನಿಂದ. ಒಂದು ಹಾಳೆ ಸಾಕು. ಕೆಳಗೆ ಓನರ್ ಸಹಿಯನ್ನೂ ಕೇಳು. ಹಾಕುತ್ತಾರೋ ಇಲ್ಲವೋ, ಕೇಳಿದ ಮೇಲೆ ಭಾರ ನಿನ್ನೊಬ್ಬಳ ಮೇಲೆ ಇರುವುದಿಲ್ಲ. ಬ್ಯಾಟರಿ ಕೊಡುವವರಿಗೆ, ಬೋರ್ಡು ಮಾಡುವವರಿಗೆ ಈಗಲೇ ಬರೆದು ತಿಳಿಸು, ಹೇಳದೆ ಏನನ್ನೂ ಬದಲಿಸಬೇಡಿ ಅಂತ. ಇದು ನಿನ್ನ ಕೆಲಸ ಅಲ್ಲದಿದ್ದರೂ ಮಾಡು.

ಲ್ಯಾಬಿನವರಿಗೆ ಫೋನು ಬೇಡ, ಮೇಲ್ ಕಳಿಸು. ಹಳೇ ರಿಪೋರ್ಟು ನಂಬರು ಹಾಕಿ, ಮೂರು ಬದಲಾವಣೆ ಬರೆದು, ಯಾವ ಯಾವ ಟೆಸ್ಟು ಮಾತ್ರ ಮತ್ತೆ ಬೇಕು, ಎಷ್ಟು ಖರ್ಚು, ಎಷ್ಟು ದಿನ ಅಂತ ಕೇಳು. ಪೂರ್ತಿ ಟೆಸ್ಟಿನ ಬಿಲ್ಲಿಗೂ ಇದಕ್ಕೂ ಬಹಳ ವ್ಯತ್ಯಾಸ ಇರುತ್ತದೆ. ನಿಮ್ಮ ಓನರ್ ಹೆದರಿರುವುದು ಪೂರ್ತಿ ಬಿಲ್ಲಿಗೆ ಅಂತ ನನ್ನ ಅನುಮಾನ. ಆ ಉತ್ತರ ಕೈಗೆ ಬಂದ ಮೇಲೆ ಅವರ ಹತ್ತಿರ ಕೂತು ಮಾತಾಡು, ಮೊದಲೇ ಬೇಡ. ಉತ್ತರ ಬರುವ ತನಕ ಆ ಘೋಷಣೆಯ ಕಾಗದ ನಿನ್ನ ಡ್ರಾಯರಿನಲ್ಲೇ ಇರಲಿ. ಕೇಳಿದರೆ, ಲ್ಯಾಬಿನ ಮೇಲ್‌ಗೆ ಕಾಯುತ್ತಿದ್ದೇನೆ ಅಂತ ಹೇಳು, ಅದು ನಿಜವೇ ಆಗಿರುತ್ತದೆ. ಮೇಲ್ ಬಂದ ದಿನ ನನಗೂ ಒಂದು ಪ್ರತಿ ಹಾಕು, ಅವರ ಟೆಸ್ಟ್ ಪಟ್ಟಿಯನ್ನು ನಾನೂ ಒಮ್ಮೆ ನೋಡುತ್ತೇನೆ.

ಇಂತಿ,
ನಿನ್ನ ಅತ್ತೆ